ಸಾಕಿದ ನಾಯಿ, ಬೆಕ್ಕು ಸತ್ತಾಗ: ಮೊದಲ ಗಂಟೆಯಿಂದ ಮುಂದಿನ ಮರಿಯವರೆಗೆ

ಪ್ರಾಣಿ ಹೋದ ಮೇಲೆ ಅಗಲಿಕೆಯ ನೋವಿಗಿಂತ ಹೆಚ್ಚು ದಿನ ಕಾಡುವುದು 'ತಪ್ಪು ಮಾಡಿಬಿಟ್ಟೆ' ಎಂಬ ಕೊರಗು. 'ಒಂದಿನ ಮುಂಚೆ ಡಾಕ್ಟರ ಹತ್ರ ಹೋಗಬೇಕಿತ್ತು', 'ಗಡಿಬಿಡಿಯಲ್ಲಿ ಎಲ್ಲೋ ಹಾಕಿ ಬಂದೆವು'. ಇದರಲ್ಲಿ ಎರಡನೆಯದನ್ನು ತಪ್ಪಿಸುವುದು ಮೊದಲ ದಿನದ ಕೆಲಸದಲ್ಲೇ ಇದೆ.

ಮೊದಲ ಕೆಲವು ಗಂಟೆ

ಸತ್ತ ಕೆಲವೇ ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಅಷ್ಟರೊಳಗೆ ಕಾಲು ಮಡಿಸಿ, ಮಲಗುತ್ತಿದ್ದ ಹಾಗೆಯೇ ಸುರುಳಿಯಾಗಿ ಮಲಗಿಸಿ. ಆಮೇಲೆ ಬಗ್ಗಿಸಲು ಹೋದರೆ ಆಗುವುದಿಲ್ಲ, ಆ ಎಳೆದಾಟದ ನೆನಪೇ ಉಳಿದುಬಿಡುತ್ತದೆ. ಕಣ್ಣು ಮುಚ್ಚದಿದ್ದರೆ ಬಿಡಿ. ನಾಯಿ, ಬೆಕ್ಕುಗಳಲ್ಲಿ ಅದು ಸಾಮಾನ್ಯ. ಸ್ನಾಯು ಸಡಿಲಗೊಂಡು ಮಲಮೂತ್ರ ಹೊರಬರುವುದರಿಂದ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆ ಟವೆಲ್ ಹಾಸಿ. ಮೈ ಒಮ್ಮೆ ಅದುರಬಹುದು, ಉಸಿರು ಬಿಟ್ಟಂತೆ ಸದ್ದಾಗಬಹುದು. ಅನುಮಾನ ಬಂದರೆ ಪಶುವೈದ್ಯರಿಂದ ಎದೆಬಡಿತ ನೋಡಿಸಿ, ಇಲ್ಲದಿದ್ದರೆ ಆ ಸಂಶಯ ತಿಂಗಳುಗಟ್ಟಲೆ ಕೊರೆಯುತ್ತದೆ. ಊರಿಂದ ಯಾರಾದರೂ ಬರುವವರಿದ್ದರೆ ಹೊಟ್ಟೆಯ ಸುತ್ತ ಐಸ್ ಇಡಿ. ಆದರೂ ಅದೇ ದಿನ ಮುಗಿಸುವುದು ಒಳ್ಳೆಯದು.

ಸಾಯುವ ಮುಂಚೆ ಸ್ವಭಾವ ಬದಲಾಗಿ, ಜೊಲ್ಲು ಸುರಿಸಿ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ರೇಬೀಸ್ ಇರಬಹುದು. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅಳು ಆಮೇಲೆ.

ಮಣ್ಣು ಮಾಡುವುದು, ಸುಡುವುದು

ಸ್ವಂತ ಜಾಗವಿದ್ದರೆ ಗುಂಡಿ 3–4 ಅಡಿ ಆಳವಿರಲಿ. ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೂತರೆ ದೇಹ ಬೇಗ ಕರಗುವುದಿಲ್ಲ. ಗುಂಡಿ ಮೇಲುಮೇಲೆ ತೋಡಿದರೆ ಬೀದಿನಾಯಿಗಳು ಕೆದರುತ್ತವೆ. ಮಣ್ಣು ತುಂಬಿ ತುಳಿದು, ಮೇಲೆ ಚಪ್ಪಡಿಯನ್ನೋ ದಪ್ಪ ಕಲ್ಲುಗಳನ್ನೋ ಇಡಿ. ಇಂಜೆಕ್ಷನ್ ಕೊಟ್ಟು ದಯಾಮರಣ ಮಾಡಿಸಿದ್ದರೆ ಈ ಎಚ್ಚರ ಇನ್ನೂ ಮುಖ್ಯ: ಆ ಔಷಧಿ ದೇಹದಲ್ಲೇ ಉಳಿದು, ತಿಂದ ನಾಯಿಗೂ ಹದ್ದಿಗೂ ವಿಷವಾಗಬಹುದು.

ಅಪಾರ್ಟ್‌ಮೆಂಟಿನವರು ಪಶುವೈದ್ಯರನ್ನೋ ನಗರಪಾಲಿಕೆಯನ್ನೋ ಕೇಳಬೇಕು. ಬೆಂಗಳೂರಿನಲ್ಲಿ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಫೋನ್ ಮಾಡಿಯೇ ಹೊರಡಿ. ಸುಡುವುದಾದರೆ 'ಒಂದನ್ನೇ ಸುಡುತ್ತೀರಾ, ಬೇರೆಯವುಗಳ ಜೊತೆಗಾ?' ಎಂದು ಮೊದಲೇ ಕೇಳಿ. ಜೊತೆಗೆ ಸುಟ್ಟರೆ ನಿಮ್ಮ ನಾಯಿಯ ಬೂದಿ ಬೇರೆಯಾಗಿ ಸಿಗದು. ಅರಿಶಿನ, ಹೂವು, ಹಾಲು–ತುಪ್ಪ, ನಿಮ್ಮ ಮನಸ್ಸು ಹೇಳಿದ್ದನ್ನು ಮಾಡಿ. ಶಾಸ್ತ್ರ ಇಲ್ಲವೆಂದು ಯಾರಾದರೂ ಅಂದರೆ ಅನ್ನಲಿ.

ಕೊರಗಿಗೆ ಒಂದು ಹಾಳೆ

ವಾರ ಕಳೆದ ಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ದಿನಾಂಕ, ಆವತ್ತು ಕಂಡ ಲಕ್ಷಣ, ಆವತ್ತು ನಿಮಗೆ ಗೊತ್ತಿದ್ದದ್ದು. ಇವತ್ತು ಗೊತ್ತಿರುವುದನ್ನು ಮೂರನೇ ಕಾಲಂಗೆ ಸೇರಿಸಬೇಡಿ. ಎಲ್ಲರೂ ಎಡವುವುದು ಅಲ್ಲೇ. ಆ ಹಾಳೆ ಹಿಡಿದು ವೈದ್ಯರಿಗೆ ಕೇಳಿ: ಮೊದಲೇ ತಂದಿದ್ದರೆ ಚಿಕಿತ್ಸೆ ಬೇರೆ ಆಗುತ್ತಿತ್ತೇ? ಉಳಿಯುವ ಸಾಧ್ಯತೆ ಎಷ್ಟಿತ್ತು? ಬೆಕ್ಕಿನ ಮೂತ್ರಪಿಂಡದ ಕಾಯಿಲೆಯನ್ನೇ ನೋಡಿ. ಸುಮಾರು ಮುಕ್ಕಾಲು ಭಾಗ ಕೆಟ್ಟ ಮೇಲೆಯೇ ಸಾಮಾನ್ಯ ರಕ್ತಪರೀಕ್ಷೆಯಲ್ಲೂ ಅದು ಎದ್ದು ಕಾಣುವುದು. ನಿಮ್ಮ ಕಣ್ಣಿಗೆ ಬೀಳಲಿಲ್ಲ ಎಂದರೆ ಅದು ಅಸಡ್ಡೆಯಲ್ಲ. ನಿಜವಾಗಿಯೂ ತಡವಾಗಿದ್ದರೆ ವೈದ್ಯರು ಅದನ್ನೂ ಹೇಳಬಹುದು. ಅಂಥ ಉತ್ತರವೂ ಕೊನೆಯಿಲ್ಲದ ಊಹೆಗಿಂತ ವಾಸಿ.

'ಒಂದು ನಾಯಿಗೆ ಇಷ್ಟೊಂದಾ?' ಎನ್ನುವವರು ಇದ್ದೇ ಇರುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸುಮಾರು ಕ್ರಿ.ಶ. 950ರದು. ಕಾಡುಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ಬೇಟೆನಾಯಿಗಾಗಿ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಅದು. ದತ್ತಿಯಾಗಿ ಭೂಮಿಯನ್ನೂ ಬಿಟ್ಟ. ಮಾತಿಗೆ ಮಾತು ಬೆಳೆಸುವ ಬದಲು ಇದನ್ನು ಹೇಳಿ ಸುಮ್ಮನಾಗಬಹುದು.

ಮನೆಯಲ್ಲಿ ಉಳಿದವರು

ಮಕ್ಕಳಿಗೆ 'ಸತ್ತುಹೋಯಿತು, ಇನ್ನು ಬರುವುದಿಲ್ಲ' ಎಂದೇ ಹೇಳಿ. 'ಮಲಗಿದೆ' ಎಂದರೆ ಮಗು ಮಲಗಲು ಹೆದರಬಹುದು. 'ತೋಟಕ್ಕೆ ಕಳಿಸಿದ್ದೇವೆ' ಎಂದರೆ ನೋಡಲು ಕರೆದುಕೊಂಡು ಹೋಗಿ ಎನ್ನುತ್ತದೆ. ಉಳಿದ ಪ್ರಾಣಿಗೆ ದೇಹವನ್ನು ಮೂಸಲು ಬಿಡಬಹುದು, ಅಂಟುರೋಗದಿಂದ ಸತ್ತಿದ್ದರೆ ಮಾತ್ರ ಬೇಡ. ಅದು ಊಟ ಕಡಿಮೆ ಮಾಡುವುದು ಸಹಜ. ಆದರೆ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ, ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗುತ್ತದೆ.

ನೆಲದ ಮೇಲೆ ಉಗುರಿನ ಸದ್ದು ಕೇಳಿದಂತಾಗುವುದಕ್ಕೆ ಹೆದರಬೇಕಿಲ್ಲ. ವಾಕಿಂಗ್ ಹೊತ್ತಿಗೆ ಮನೆಯಲ್ಲಿ ಕೂರಬೇಡಿ. ಅದೇ ಹೊತ್ತಿಗೆ ಬೇರೆ ದಾರಿಯಲ್ಲಿ ನಡೆಯಿರಿ. ಲಸಿಕೆಯ ಮೆಸೇಜ್ ಇನ್ನು ಕಳಿಸಬೇಡಿ ಎಂದು ಕ್ಲಿನಿಕ್ಕಿಗೆ ತಿಳಿಸಿ. ಮರೆಯುವ ಕೆಲಸ ಇದು, ಆರು ತಿಂಗಳ ಮೇಲೆ ಬಂದರೆ ಚುಚ್ಚುತ್ತದೆ. ಬಟ್ಟಲು, ಬೆಲ್ಟು ಎಸೆಯಬೇಡಿ, ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿ. ಉಳಿದ ಮಾತ್ರೆಯನ್ನು ಬೇರೆ ಪ್ರಾಣಿಗೆ ಹಾಕಬೇಡಿ.

ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯದೆ ಆಗಲೇ ಮಾಡಿ.

ಹೊಸ ಮರಿ

ದುಃಖ ಮರೆಸಲೆಂದು ನೆಂಟರು ಮರಿ ತಂದುಕೊಟ್ಟರೆ ಬೇಡ ಎನ್ನಲು ಹಿಂಜರಿಯಬೇಡಿ. ಹೋದದ್ದು ಪಾರ್ವೊದಿಂದಾಗಿದ್ದರೆ (ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ) ಬೇಡ ಎನ್ನಲೇಬೇಕು. ಆ ವೈರಸ್ ಅಂಗಳದ ಮಣ್ಣಿನಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಫಿನಾಯಿಲ್ ಸುರಿದು ನಿಶ್ಚಿಂತರಾಗುವುದು ದೊಡ್ಡ ತಪ್ಪು, ಅದಕ್ಕೆ ಪಾರ್ವೊ ಜಗ್ಗುವುದಿಲ್ಲ. ನೆಲವನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಬಳಿದು, 10 ನಿಮಿಷ ಬಿಟ್ಟು ತೊಳೆಯಿರಿ. ಫಿನಾಯಿಲ್, ಟಾಯ್ಲೆಟ್ ಆಸಿಡ್ ಜೊತೆ ಬ್ಲೀಚ್ ಬೆರೆಸಬೇಡಿ. ಅಂಗಳಕ್ಕೆ ಈ ಉಪಾಯ ನಡೆಯದು: ವರ್ಷ ಕಾಯಿರಿ, ಅಥವಾ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನು ತನ್ನಿ.