ಕಂಬಳಕ್ಕೆ ಒಂಟಿಕಾಲು: ನನ್ನ ಮೊನೊಪಾಡ್ ಅನುಭವ

ಕ್ಯಾಮೆರಾಕ್ಕೆ ಆಸರೆ ಕೊಡುವ ಒಂಟಿಕಾಲಿನ ಕೋಲು, ಮೊನೊಪಾಡ್ ಹಿಡಿದು ಮೊದಲ ಸಲ ಮಂಜೊಟ್ಟಿಯ (ಕೋಣಗಳ ಓಟ ಮುಗಿಯುವ ತುದಿ) ಪಕ್ಕ ನಿಂತಿದ್ದೆ. ಹಿರಿಯ ಫೋಟೊಗ್ರಾಫರ್ ಒಬ್ಬರು ನೋಡಿ, "ಎಂತ ಮಾರಾಯ, ಇಷ್ಟು ಬೇಗ ಊರುಗೋಲು ಬಂತಾ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡುವುದು? ಆ ದಿನದ ನನ್ನ ಫೋಟೊಗಳು ಕೈಯಲ್ಲಿ ಹಿಡಿದು ತೆಗೆದದ್ದಕ್ಕಿಂತ ಕೆಟ್ಟದಾಗಿದ್ದವು.

ಈಗ ನಾಲ್ಕು ಸೀಸನ್ ಆಯ್ತು. ಈ ಸಲ ರಾತ್ರಿ ಎರಡು ಗಂಟೆ ಹೊತ್ತಿಗೆ ಗಂತಿನಲ್ಲಿ (ಓಟ ಶುರುವಾಗುವ ತುದಿ) ಬಿಡುವುದಕ್ಕೆ ಕಾದು ನಿಂತ ಕೋಣದ ಮುಖ ತೆಗೆದೆ. 500 ಎಂಎಂ, 1/100 ಸೆಕೆಂಡು. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತದೆ. ಅದೇ ಹಿರಿಯರು ನನ್ನ ಕ್ಯಾಮೆರಾದ ಹಿಂದೆ ಬಂದು ಎರಡು ಸಲ ಜೂಮ್ ಮಾಡಿ ನೋಡಿದರು. ಏನೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ನನ್ನದು ನಿಕಾನ್ ಡಿ500 ಕ್ಯಾಮೆರಾ, ಜೊತೆಗೆ 200-500 ಎಂಎಂ ಲೆನ್ಸ್. ಲೆನ್ಸ್ ಒಂದೇ 2.3 ಕೆ.ಜಿ. ಬಾಡಿ ಸೇರಿದರೆ 3 ಕೆ.ಜಿ. ದಾಟುತ್ತದೆ. ಜಿಮ್ಮಿಗೆ ಹೋಗುವವರು ಇದೇನು ಮಹಾ ಅನ್ನಬಹುದು. ಆದರೆ ಕಂಬಳ ಬೆಳಿಗ್ಗೆ ಶುರುವಾದರೆ ಮರುದಿನ ಮುಗಿಯುತ್ತದೆ. ಒಂದು ಜೋಡಿ ಓಡುವುದು ಹನ್ನೆರಡು, ಹದಿಮೂರು ಸೆಕೆಂಡು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಊರಿಗೆಲ್ಲ ಗೊತ್ತು. ಆ ಹದಿಮೂರು ಸೆಕೆಂಡಿನಲ್ಲಿ ನಮಗೆ ಸಿಗುವುದು ಮೂರೋ ನಾಲ್ಕೋ. ಅದಕ್ಕೆ ಮೊದಲು ಕೋಣ ಗಂತಿನಲ್ಲಿ ತಿರುಗುತ್ತದೆ, ಹಿಂದೆ ಸರಿಯುತ್ತದೆ, ಮೈಕಿನಲ್ಲಿ ಬಿಡಿ ಬಿಡಿ ಅನ್ನುತ್ತಾರೆ. ಕೆಲವೊಮ್ಮೆ ಹತ್ತು ನಿಮಿಷ. ಅಷ್ಟೂ ಹೊತ್ತು ಕ್ಯಾಮೆರಾ ಕಣ್ಣಿನ ಮುಂದೆಯೇ ಇರಬೇಕು. ಕೈ ನಡುಗುವುದು ನನ್ನ ಸಮಸ್ಯೆ ಆಗಿರಲಿಲ್ಲ, ಕೈ ಸೋಲುವುದು ಆಗಿತ್ತು. ಇದು ತಲೆಗೆ ಹೋಗಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ಅಲ್ಲಿಯವರೆಗೆ ಎಷ್ಟು ಸ್ಟಾಪ್ ಲಾಭ, ಅಂದರೆ ಶಟರ್ ಎಷ್ಟು ನಿಧಾನ ಇಡಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಟ್ರೈಪಾಡ್ ಯಾಕಿಲ್ಲ ಅಂತ ಕೇಳುವವರು ಮಂಜೊಟ್ಟಿಯಲ್ಲಿ ನಿಂತು ನೋಡಬೇಕು. ನಾನು ಒಮ್ಮೆ ಇಟ್ಟಿದ್ದೆ. ಒಂದು ಜೋಡಿ ಕರೆ (ಕೋಣ ಓಡುವ ಕೆಸರಿನ ದಾರಿ) ಬಿಟ್ಟು ಓರೆಯಾಗಿ ನಮ್ಮ ಕಡೆಗೇ ಬಂತು. ಕ್ಯಾಮೆರಾ ಕಿತ್ತುಕೊಂಡು ಹಾರಿದೆ, ಟ್ರೈಪಾಡ್ ಅಲ್ಲೇ ಉಳಿಯಿತು. ಒಂದು ಕಾಲು ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಆರು ಸಾವಿರ ಕೆಸರಲ್ಲಿ ಹೋಯ್ತು.

ಮೊದಲ ಪ್ರಯೋಗ ಬಿದಿರಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಬೋಲ್ಟ್ ಕ್ಯಾಮೆರಾದ ಅಡಿಗೆ ಹಿಡಿಯುತ್ತದೆ. ಪೂರ್ತಿ ತಿರುಗಿಸಬೇಡಿ, ಉದ್ದ ಜಾಸ್ತಿಯಾದರೆ ಒಳಗಿನ ಗೂಡಿಗೆ ಪೆಟ್ಟು. ಬಿದಿರಿನ ತುದಿಗೆ ಮರದ ತುಂಡು ಬಡಿದು ಬೋಲ್ಟ್ ಕೂರಿಸಿದೆ. ಖರ್ಚು ನಲವತ್ತು ರೂಪಾಯಿ ಇರಬಹುದು. ಹಗುರ, ಗಟ್ಟಿ, ನೋಡಲಿಕ್ಕೂ ಚೆಂದ. ಎತ್ತರ ಮಾತ್ರ ಬದಲಾಗುವುದಿಲ್ಲ. ಕಟ್ಟೆಯ ಇಳಿಜಾರಿನಲ್ಲಿ ನಿಂತರೆ ಒಂದೋ ಬಗ್ಗಬೇಕು, ಇಲ್ಲವೇ ತುದಿಗಾಲಲ್ಲಿ ನಿಲ್ಲಬೇಕು. ಬೋಲ್ಟಿಗೆ ದಾರ ಕಟ್ಟಿ ಕಾಲಡಿ ತುಳಿದು ಮೇಲೆ ಎಳೆದು ಹಿಡಿಯುವುದನ್ನೂ ಮಾಡಿ ನೋಡಿದೆ. ಸಣ್ಣ ಲೆನ್ಸಿಗೆ ನಿಜವಾಗಿಯೂ ಕೆಲಸ ಮಾಡುತ್ತದೆ. ನನ್ನ ಲೆನ್ಸಿಗೆ ಅದು ಇನ್ನಷ್ಟು ಭಾರ ಹೇರಿದ ಹಾಗೆ.

ಆಮೇಲೆ ಆನ್‌ಲೈನಿನಲ್ಲಿ ಸಾವಿರದ ಚಿಲ್ಲರೆಗೆ ಒಂದು ತರಿಸಿದೆ. ಹೆಸರು ಬೇಡ. ಡಬ್ಬಿಯ ಮೇಲೆ 8 ಕೆ.ಜಿ. ತಡೆಯುತ್ತದೆ ಅಂತ ಬರೆದಿತ್ತು. ಮೂರನೇ ಕಂಬಳದಲ್ಲಿ ಕೊನೆಯ ತುಂಡಿನ ಲಾಕ್ ಜಾರಿತು. ಒಂದೇ ಸಲ ಅಲ್ಲ, ಸಂಜೆಯಿಂದ ಸ್ವಲ್ಪ ಸ್ವಲ್ಪವೇ. ನನ್ನ ಬೆನ್ನು ಬಗ್ಗುತ್ತಿದೆ, ಸುಸ್ತಾಗಿದೆ ಅಂದುಕೊಂಡಿದ್ದೆ. ರಾತ್ರಿ ಒಮ್ಮೆಲೇ ಕುಸಿದು ಲೆನ್ಸಿನ ಹುಡ್ ಕಲ್ಲಿಗೆ ಬಡಿದು ಸೀಳಿತು. ಹುಡ್ಡಿಗೆ ಮೊನೊಪಾಡಿನ ಎರಡರಷ್ಟು ದುಡ್ಡು ಹೋಯ್ತು. ಗಾಜು ಉಳಿದದ್ದು ದೈವದ ದಯೆ.

ಅಲ್ಲಿಂದ ಇನ್ನೊಂದು ತುದಿಗೆ ಹೋದೆ. ಕಾರ್ಬನ್ ಫೈಬರ್, ಅಡಿಯಲ್ಲಿ ಮೂರು ಪುಟ್ಟ ಕಾಲು, ತಾನೇ ನಿಲ್ಲುತ್ತದೆ ಅಂತ ಜಾಹೀರಾತು. ಹದಿನಾಲ್ಕು ಸಾವಿರದ ಆಸುಪಾಸು. ಮದುವೆ ಮನೆಯ ವಿಡಿಯೊಗೆ ಒಳ್ಳೆಯದೇ. ಕಂಬಳದ ಕೆಸರಿನಲ್ಲಿ ಆ ಪುಟ್ಟ ಕಾಲುಗಳ ಸಂದಿಗೆಲ್ಲ ಮಣ್ಣು ತುಂಬಿ ಮಡಚಲಿಕ್ಕೂ ಬರಲಿಲ್ಲ, ಬಿಡಿಸಲಿಕ್ಕೂ ಬರಲಿಲ್ಲ. ಎಂಟು ಸಾವಿರಕ್ಕೆ ಒಬ್ಬ ವಿಡಿಯೊ ಹುಡುಗನಿಗೆ ಕೊಟ್ಟೆ. ಅವನು ಇನ್ನೂ ಬಳಸುತ್ತಿದ್ದಾನೆ, ನನ್ನನ್ನು ಕಂಡರೆ ಚಾ ಕುಡಿಸುತ್ತಾನೆ.

ಈಗ ಇರುವುದು ಹಳೇ ಅಲ್ಯೂಮಿನಿಯಂದು. ಸೆಕೆಂಡ್ ಹ್ಯಾಂಡ್, ನಾಲ್ಕೂವರೆ ಸಾವಿರ. ನಾಲ್ಕು ತುಂಡು, ಫ್ಲಿಪ್ ಲಾಕ್. ಕೈಗೆ ಕೆಸರಾಗಿದ್ದಾಗ ತಿರುಗಿಸುವ ಲಾಕ್ ಬಿಗಿಯಾಯಿತಾ ಇಲ್ಲವಾ ಅಂತ ಗೊತ್ತೇ ಆಗುವುದಿಲ್ಲ. ಫ್ಲಿಪ್ ಆದರೆ ಟಕ್ ಅಂತ ಶಬ್ದ ಬರುತ್ತದೆ, ಕತ್ತಲಲ್ಲೂ ಸಂಶಯ ಇಲ್ಲ. ಕಾರ್ಬನ್ ತೂಕ ಕಡಿಮೆ, ಒಪ್ಪುತ್ತೇನೆ. ಆದರೆ ಉಳಿಯುವುದು ಇನ್ನೂರು, ಮುನ್ನೂರು ಗ್ರಾಂ. ಅಷ್ಟನ್ನು ನಾನು ರಾತ್ರಿ ಊಟದಲ್ಲಿ ಕಡಿಮೆ ಮಾಡಿಕೊಳ್ಳಬಹುದು.

ಅಂಗಡಿಗೆ ಹೋದರೆ ಡಬ್ಬಿಯ ಅಂಕಿ ನೋಡಬೇಡಿ. ಪೂರ್ತಿ ಎಳೆದು ನಿಲ್ಲಿಸಿ, ಎರಡೂ ಕೈ ಊರಿ ನಿಮ್ಮ ಮೈಭಾರ ಹಾಕಿ. ಅಂಗಡಿಯವನು ಮುಖ ಸಿಂಡರಿಸಿದರೆ ಅದು ಬೇಡ. ಎತ್ತರದಲ್ಲೂ ನಾನು ಮೋಸ ಹೋಗಿದ್ದೆ. ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು ಅಂದುಕೊಂಡಿದ್ದೆ. ಆದರೆ ಮೊನೊಪಾಡನ್ನು ನೇರ ನಿಲ್ಲಿಸಿ ಯಾರೂ ತೆಗೆಯುವುದಿಲ್ಲ. ಬುಡವನ್ನು ಒಂದು ಹೆಜ್ಜೆ ಮುಂದಿಟ್ಟು ಕೋಲನ್ನು ನಮ್ಮ ಕಡೆಗೆ ವಾಲಿಸಿ, ನಮ್ಮ ಎರಡು ಕಾಲು ಅಗಲಿಸಿ ನಿಂತರೆ ಆಗ ಮೂರು ಕಾಲು. ವಾಲಿಸಿದ ಕೂಡಲೇ ಎತ್ತರ ಇಳಿಯುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಅದಕ್ಕೇ ನನಗೆ ಹಣೆಗಿಂತ ನಾಲ್ಕು ಬೆರಳು ಎತ್ತರ ಬೇಕು. ಅಷ್ಟು ಸಿಕ್ಕರೆ ಅತಿ ಸಪೂರದ ಕೊನೆಯ ತುಂಡನ್ನು ಪೂರ್ತಿ ಎಳೆಯದೆಯೂ ನಡೆಯುತ್ತದೆ. ಅಲ್ಲಾಟ ಶುರುವಾಗುವುದು ಅಲ್ಲಿಂದಲೇ.

ಮೊನೊಪಾಡಿನ ತುದಿಯಲ್ಲಿ ಕ್ಯಾಮೆರಾ ಹಿಡಿಯುವ ತಲೆಯ (ಹೆಡ್) ವಿಷಯಕ್ಕೆ ಬರುತ್ತೇನೆ. ಇಲ್ಲೇ ನನ್ನ ದುಡ್ಡು ಜಾಸ್ತಿ ಹೋದದ್ದು. ಮೊದಲು ಇದ್ದ ಬಾಲ್ ಹೆಡ್, ಎಲ್ಲ ದಿಕ್ಕಿಗೂ ತಿರುಗುವಂಥದ್ದು, ಹಾಕಿದೆ. ಸಡಿಲ ಬಿಟ್ಟರೆ ಲೆನ್ಸ್ ಪಕ್ಕಕ್ಕೆ ಬೀಳುತ್ತದೆ, ಬಿಗಿ ಮಾಡಿದರೆ ಮೇಲೆ ಕೆಳಗೆ ಹೋಗುವುದಿಲ್ಲ. ಆಮೇಲೆ ತಲೆಯೇ ಬೇಡ ಅಂತ ನೇರ ಸ್ಕ್ರೂ ಮಾಡಿದೆ. ಹಗಲಿನ ಓಟಕ್ಕೆ ಅದು ಸಾಕು. ಕನೆ ಹಲಗೆ ಅನ್ನುವ ವಿಭಾಗದ ಫೋಟೊದಲ್ಲಿ ಸೋತೆ. ಅಲ್ಲಿ ಓಟದ ವೇಗ ಮುಖ್ಯವಲ್ಲ, ನೀರು ಎಷ್ಟು ಎತ್ತರ ಚಿಮ್ಮುತ್ತದೆ ಅನ್ನುವುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು (ಕೋಲು ಇಲ್ಲಿ ಎತ್ತರದ ಅಳತೆ) ಅಂತ ಮೇಲೆ ನಿಶಾನೆ ಕಟ್ಟಿರುತ್ತಾರೆ. ಕೋಣದ ಮುಖದಿಂದ ನಿಶಾನೆಯವರೆಗೆ ಒಂದೇ ಕ್ಷಣದಲ್ಲಿ ಲೆನ್ಸ್ ಏಳಬೇಕು. ಮೊನೊಪಾಡನ್ನೇ ಹಿಂದಕ್ಕೆ ವಾಲಿಸಲು ಹೋಗಿ ಹಿಂದಿನವರ ಕಾಲು ತುಳಿದೆ, ಬೈಸಿಕೊಂಡೆ.

ಟಿಲ್ಟ್ ಹೆಡ್ ತಂದೆ, ಮೂರು ಸಾವಿರ ಚಿಲ್ಲರೆ. ಒಂದೇ ದಿಕ್ಕಿಗೆ ಬಾಗುವಂಥದ್ದು, ಬೇರೆ ಏನೂ ಬೇಡ. ಹಾಕಿ ನೋಡಿದರೆ ಲೆನ್ಸ್ ಮುಂದೆ ಹಿಂದೆ ಬಾಗುವ ಬದಲು ಎಡಕ್ಕೆ ಬಲಕ್ಕೆ ಬಾಗುತ್ತಿದೆ! ಮೋಸ ಹೋದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಮೇಲಿನ ಹಿಡಿಕೆ ಕ್ಯಾಮೆರಾದ ಬಾಡಿಗೆ ಹೊಂದುವ ಹಾಗೆ ಕೂತಿತ್ತು, ಲೆನ್ಸನ್ನು ಸುತ್ತಿ ಹಿಡಿಯುವ ಕಾಲರಿಗೆ ಅಲ್ಲ. ಅದನ್ನು ಬಿಚ್ಚಿ ಕಾಲು ಸುತ್ತು ತಿರುಗಿಸಿ ಹಾಕಿದರೆ ಮುಗಿಯಿತು. ಎರಡು ನಿಮಿಷದ ಕೆಲಸಕ್ಕೆ ಎರಡು ವಾರ ಹಾಳು. ಈ ಲೆನ್ಸಿನ ಕಾಲಿಗೆ ಆರ್ಕಾ ಪ್ಲೇಟ್ (ಹೆಡ್ಡಿನ ಹಿಡಿಕೆಗೆ ಸಿಕ್ಕಿಸುವ ಪಟ್ಟಿ) ಬೇರೆಯಾಗಿಯೇ ಹಾಕಬೇಕು, ಆರುನೂರು ಕೊಟ್ಟೆ. ಕಾಲರಿನ ಸ್ಕ್ರೂ ಸ್ವಲ್ಪ ಸಡಿಲ ಇಡುತ್ತೇನೆ. ಕನೆ ಹಲಗೆ ಬಂತು ಅಂದರೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರಾಯ್ತು.

ಕೆಸರಿನಲ್ಲಿ ಹೂತು ಹೋಗುವುದು ಇನ್ನೊಂದು ಕಾಟ. ಕರೆಯ ಅಂಚು ಇಡೀ ದಿನ ನೀರು ಕುಡಿದಿರುತ್ತದೆ. ಭಾರ ಹಾಕಿದಷ್ಟೂ ಇಳಿಯುತ್ತದೆ. ರಬ್ಬರ್ ಬುಡದಡಿ ಹಲಗೆ ತುಂಡು ಇಟ್ಟೆ, ಜಾರಿತು. ಸ್ಟೀಲ್ ಮುಚ್ಚಳ ಇಟ್ಟೆ, ಕರಕರ ಶಬ್ದ. ಕೊನೆಗೆ ಅಡುಗೆಮನೆಯ ಹಿಂದೆ ಬಿದ್ದಿದ್ದ ತೆಂಗಿನ ಗೆರಟೆ. ಹಳೇ ಟೆನಿಸ್ ಚೆಂಡಿಗೆ ತೂತು ಕೊರೆದು ಬುಡಕ್ಕೆ ಸಿಕ್ಕಿಸಿ, ಚೆಂಡನ್ನು ಗೆರಟೆಯೊಳಗೆ ಕೂರಿಸಿದೆ. ಗೆರಟೆ ಕೆಸರಿನ ಮೇಲೆ ಕೂರುತ್ತದೆ, ಚೆಂಡು ಅದರೊಳಗೆ ತಿರುಗುತ್ತದೆ. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ಗೆರಟೆಯ ಒಳಗೆ ನಾನು ಒಂದು ವಸ್ತು ಸವರುತ್ತೇನೆ, ತಿರುಗುವುದು ನಯವಾಗುತ್ತದೆ. ಅದೇನು ಅಂತ ಹೇಳುವುದಿಲ್ಲ, ನೀವೇ ಹುಡುಕಿ. ಎಣ್ಣೆ ಅಲ್ಲ.

ಇದು ಕೈಗೆ ಬಂದ ಮೇಲೆ ಪ್ಯಾನಿಂಗ್ ಹುಚ್ಚು ಹಿಡಿಯಿತು, ಅಂದರೆ ಓಡುವ ಕೋಣದ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು. ಹಗ್ಗ ಅನ್ನುವ ವಿಭಾಗದ ಓಟಕ್ಕೆ ಪಕ್ಕದಿಂದ, 200 ಎಂಎಂ ಸುತ್ತಮುತ್ತ, 1/60. ಸೊಂಟದಿಂದ ತಿರುಗಬೇಕು, ಕೈಯಿಂದ ಅಲ್ಲ. ಪಾದಗಳನ್ನು ಓಟ ಮುಗಿಯುವ ಕಡೆಗೆ ಮೊದಲೇ ಇಟ್ಟು, ಮೈಯನ್ನು ಗಂತಿನ ಕಡೆ ತಿರುಚಿ ಕಾಯುತ್ತೇನೆ. ಎಡಗೈ ಲೆನ್ಸಿನ ಮೇಲಿಂದ, ಅಡಿಯಿಂದ ಅಲ್ಲ, ಮೆಲ್ಲ ಕೆಳಗೆ ಒತ್ತಿ ಹಿಡಿಯುತ್ತೇನೆ. ವಿಆರ್ (ಲೆನ್ಸಿನೊಳಗೆ ಅಲುಗಾಟ ತಗ್ಗಿಸುವ ವ್ಯವಸ್ಥೆ) ಸ್ಪೋರ್ಟ್‌ನಲ್ಲಿ. ಆಫ್ ಮಾಡಿ ಅನ್ನುವವರಿದ್ದಾರೆ. ನಾನು ಎರಡೂ ಮಾಡಿ ನೋಡಿದೆ, ಆನ್ ಇದ್ದಾಗಲೇ ಚೆನ್ನಾಗಿ ಬಂತು. ಕೈಯಲ್ಲಿ ಹಿಡಿದಾಗ ನೂರಕ್ಕೆ ಎಂಟು, ಹತ್ತು ಫೋಟೊ ಉಳಿಯುತ್ತಿತ್ತು. ಈಗ ಇಪ್ಪತ್ತೈದರ ಹತ್ತಿರ. ಬರೆದಿಟ್ಟ ಲೆಕ್ಕ ಅಲ್ಲ, ಅಂದಾಜು.

ರಾತ್ರಿ 1/100 ಅಂತ ಮೇಲೆ ಹೇಳಿದೆನಲ್ಲ, ಅದು ಸುಮ್ನೆ ಆರಿಸಿದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/250, 1/400 ಇಟ್ಟರೆ ಒಂದು ಫ್ರೇಮ್ ಬೆಳಕು, ಒಂದು ಕಪ್ಪು. 1/100ಕ್ಕೆ ಇಳಿದರೆ ಎಲ್ಲ ಒಂದೇ ಸಮ. ಆದರೆ 500 ಎಂಎಂನಲ್ಲಿ 1/100 ಹಿಡಿಯಲು ಕಾಲು ಬೇಕು. ಎಫ್ 5.6, ಐಎಸ್‌ಒ 6400. ಓಡುವ ಕೋಣಕ್ಕೆ ಇದು ಆಗುವುದಿಲ್ಲ. ನಿಂತ ಕೋಣ, ಓಟಗಾರನ ಮುಖ, ಬೆನ್ನು ತಟ್ಟುವ ಯಜಮಾನರು, ಇವಕ್ಕೆ.

ಕಂಬಳ ಇಲ್ಲದಾಗ ಬೇರೆ ಕಡೆಗೂ ಒಯ್ದೆ. ಯಕ್ಷಗಾನಕ್ಕೆ ಕುರ್ಚಿಯಲ್ಲಿ ಕೂತು ಒಂದೇ ತುಂಡು ಎಳೆದರೆ ಸಾಕು, ಹಿಂದಿನವರಿಗೂ ಅಡ್ಡ ಆಗುವುದಿಲ್ಲ. ರಂಗಸ್ಥಳದ ಹಲಗೆಗೆ ಮಾತ್ರ ಆನಿಸಬೇಡಿ, ವೇಷದವರು ದಿಗಿಣ ಹೊಡೆದಾಗ ನಿಮ್ಮ ಲೆನ್ಸೂ ದಿಗಿಣ ಹೊಡೆಯುತ್ತದೆ. ರಂಗನತಿಟ್ಟಿನ ದೋಣಿಯಲ್ಲೂ ಇದೇ ಕತೆ. ಹುಟ್ಟು ಹಾಕಿದಾಗ ದೋಣಿಯ ತಳದಲ್ಲಿ ಸಣ್ಣ ಜಗ್ಗು. ಬುಡವನ್ನು ನನ್ನ ಶೂ ಮೇಲೆ ಇಟ್ಟೆ, ಅರ್ಧ ಕಡಿಮೆಯಾಯ್ತು. ಸಫಾರಿ ಜೀಪಿಗೆ ಒಯ್ದದ್ದು ದಂಡ. ಅಲ್ಲಿ ಅಕ್ಕಿ ತುಂಬಿದ ಚೀಲವೇ ಒಳ್ಳೆಯದು.

ಒಂದು ಮಾತು ಮರೆತೆ. ಮೊನೊಪಾಡ್ ಹೆಗಲಿಗೆ ಹಾಕಿ ಕ್ಯಾಮೆರಾ ಹಿಂದೆ ನೇತಾಡಿಸಿಕೊಂಡು ನಡೆಯುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆ ಕಲಸುತ್ತದೆ. ಇಡೀ ಭಾರ ಒಂದು ಸ್ಕ್ರೂ ಮೇಲೆ. ನಡೆದಷ್ಟೂ ಅದು ಸಡಿಲಾಗುತ್ತದೆ. ಲೆನ್ಸಿನ ಪಟ್ಟಿ ಕುತ್ತಿಗೆಯಲ್ಲಿರಲಿ, ಕೋಲು ಅದರಡಿ ತೂಗಲಿ.

ಪ್ರತಿ ಕಂಬಳದ ಮರುದಿನ ಎಲ್ಲ ತುಂಡು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಒಂದು ಸೀಸನ್ ಸೋಮಾರಿತನ ಮಾಡಿದ್ದೆ. ಮಳೆಗಾಲ ಮುಗಿದು ತೆಗೆದರೆ ಮೂರನೇ ತುಂಡು ಎರಡನೆಯದರೊಳಗೆ ಕಚ್ಚಿಕೊಂಡು ಕೂತಿತ್ತು. ಬಿಸಿನೀರು ಸುರಿದು, ಪಕ್ಕದ ಮನೆಯವರನ್ನು ಕರೆದು ಇಬ್ಬರೂ ಎರಡು ತುದಿ ಹಿಡಿದು ಎಳೆದೆವು. ಬಂತು. ಒಳಗಿನಿಂದ ಒಂದು ಮುಷ್ಟಿ ಒಣಗಿದ ಕೆಸರು ಅಂಗಳಕ್ಕೆ ಉದುರಿತು.