ಹೊಸ ಹೆಡ್‌ಲೈಟ್ ಹಾಕಿಸಿದ ಮೇಲೆ ಇಂಡಿಕೇಟರ್ ಕೈಕೊಟ್ಟಿದೆಯಾ? ಮೊದಲು ಅರ್ತ್ ನೋಡಿ

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕಡೆ ಪಿಕಪ್ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗದ ಮಂಡಿಗೆ ಬರಬೇಕೆಂದರೆ ನಸುಕಿನಲ್ಲೇ ಹೊರಡಬೇಕು. ದಾರಿಯುದ್ದಕ್ಕೂ ಮಂಜು. ಬೆಳಕು ಸಾಲುವುದಿಲ್ಲ ಅಂತ ಕಂಪನಿ ಹೆಡ್‌ಲೈಟ್ ತೆಗೆಸಿ, ಹೊರಗೆ ಸಿಗುವ ಎಲ್‌ಇಡಿ ಸೆಟ್ ಹಾಕಿಸುತ್ತಾರೆ. ಬೆಳಕೇನೋ ಚೆನ್ನಾಗಿ ಬೀಳುತ್ತದೆ. ಆದರೆ ಅದರೊಳಗೇ ಕೂರಿಸಿರುವ ಇಂಡಿಕೇಟರ್ ತಕರಾರು ತೆಗೆಯುತ್ತದೆ. ಒಂದೋ ಪಟಪಟ ಬಡಿದುಕೊಳ್ಳುತ್ತದೆ, ಇಲ್ಲವೇ ಮಂಕಾಗಿ ಉರಿಯುತ್ತದೆ, ಮಳೆ ಬಿದ್ದ ದಿನ ಪೂರ್ತಿ ಸುಮ್ಮನಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ರಸ್ತೆಯಲ್ಲಿ ಇದನ್ನು ಸಣ್ಣ ವಿಷಯ ಅಂತ ಬಿಡುವ ಹಾಗಿಲ್ಲ.

ಇಂಥ ದೂರು ಬಂದ ಕೂಡಲೇ ಫ್ಲಾಶರ್ ರಿಲೇ (ಇಂಡಿಕೇಟರ್ ಮಿನುಗಿಸುವ ಸಣ್ಣ ಡಬ್ಬಿ) ಬದಲಿಸುವುದು ರೂಢಿ. ನನ್ನ ಮಾತು ಕೇಳುವುದಾದರೆ ಅದಕ್ಕೆ ಆಮೇಲೆ ಕೈ ಹಾಕಿ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಮೊದಲು ನೋಡಬೇಕಾದ್ದು ಅರ್ತ್, ಅಂದರೆ ಗಾಡಿಯ ಬಾಡಿಯ ತಗಡಿಗೆ ಬಿಗಿದಿರುವ ಕಪ್ಪು ವೈರ್.

ಏನಾಗುತ್ತಿದೆ ಅಂತ ಸರಿಯಾಗಿ ಗಮನಿಸಿ. ಕೀ ಆನ್ ಮಾಡಿ ಎಡ, ಬಲ, ಆಮೇಲೆ ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಸ್ವಿಚ್) ಹಾಕಿ. ಒಬ್ಬರು ಗಾಡಿ ಮುಂದೆ ನಿಂತು ನೋಡಲಿ. ಹಜಾರ್ಡ್‌ನಲ್ಲಿ ನಾಲ್ಕೂ ಚೆನ್ನಾಗಿ ಮಿನುಗಿ, ಎಡ-ಬಲದಲ್ಲಿ ಮಾತ್ರ ಕೆಲಸ ಮಾಡದಿದ್ದರೆ ತಪ್ಪು ಲೈಟಿನದ್ದಲ್ಲ. ಫ್ಯೂಸ್ ಅಥವಾ ಸ್ಟೇರಿಂಗ್ ಹತ್ತಿರದ ಸ್ವಿಚ್ ನೋಡಿ. ಇಂಡಿಕೇಟರ್ ಮಿನುಗುವಾಗ ಪಾರ್ಕಿಂಗ್ ಲೈಟ್ ಕೂಡ ಜೊತೆಗೇ ಮಂಕಾಗಿ ಮಿನುಗುತ್ತಿದೆಯಾ? ಹಾಗಿದ್ದರೆ ಅರ್ತ್ ಸರಿಯಿಲ್ಲ ಅಂತ ಹೆಚ್ಚುಕಡಿಮೆ ಖಾತ್ರಿ. ಬ್ಯಾಟರಿಗೆ ವಾಪಸ್ ಹೋಗಲು ನೇರ ದಾರಿ ಸಿಗದ ಕರೆಂಟ್, ಪಕ್ಕದ ಲೈಟಿನ ಮೂಲಕ ಹಾದು ಹೋಗುತ್ತಿರುತ್ತದೆ.

ಅರ್ತ್ ಪರೀಕ್ಷೆ. ಉದ್ದನೆಯ ವೈರ್ ಒಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಹೆಡ್‌ಲೈಟ್ ಕಪ್ಲರ್‌ನ (ವೈರ್‌ಗಳನ್ನು ಜೋಡಿಸುವ ಪ್ಲಗ್) ಕಪ್ಪು ವೈರಿಗೆ ತಾಗಿಸಿ. ಲೈಟ್ ತಕ್ಷಣ ಸರಿಯಾದರೆ ಕಳ್ಳ ಸಿಕ್ಕ ಹಾಗೆ. ಮಲ್ಟಿಮೀಟರ್ ಇದ್ದವರು ಲೈಟ್ ಉರಿಯುತ್ತಿರುವಾಗಲೇ ಕಪ್ಪು ವೈರ್ ಮತ್ತು ಬ್ಯಾಟರಿ ನೆಗೆಟಿವ್ ನಡುವಿನ ವೋಲ್ಟೇಜ್ ಅಳೆಯಲಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅಲ್ಲಿ ಕೆಲಸ ಇದೆ ಅಂತ ಅರ್ಥ.

ಇನ್ನು ಆ ಕಪ್ಪು ವೈರ್ ಬಿಗಿದಿರುವ ಬೋಲ್ಟ್ ಬಿಚ್ಚಿ ನೋಡಿ. ವೈರಿನ ತುದಿಯ ರಿಂಗ್ ಹಸಿರು ಕಿಲುಬು ಹಿಡಿದಿರುತ್ತದೆ, ಅದರ ಕೆಳಗಿನ ತಗಡು ತುಕ್ಕು ಹಿಡಿದಿರುತ್ತದೆ. ಕೆಲವೊಮ್ಮೆ ಪೇಂಟಿನ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ, ಕರೆಂಟ್ ಹೋಗುವುದಾದರೂ ಎಲ್ಲಿಂದ? ಉಪ್ಪುಕಾಗದದಿಂದ ತಗಡು ಹೊಳೆಯುವಷ್ಟು ಉಜ್ಜಿ. ಹೊಸ ರಿಂಗ್ ಹಾಕಿ, ಬಿಗಿಯಾಗಿ ಕೂರಿಸಿ, ಮೇಲಿಂದ ಗ್ರೀಸ್ ಸವರಿ. ಇಷ್ಟಕ್ಕೇ ಎಷ್ಟೋ ಗಾಡಿಗಳ ಕಾಯಿಲೆ ವಾಸಿಯಾಗುತ್ತದೆ.

ಇಂಡಿಕೇಟರ್ ವೈರಿನಲ್ಲಿ ಕರೆಂಟ್ ಬರುತ್ತಿದೆಯಾ? ಇದಕ್ಕೆ ಮೀಟರ್‌ಗಿಂತ ಇಂಡಿಕೇಟರ್‌ನ ಹಳೆಯ 21 ವ್ಯಾಟ್ ಬಲ್ಬೇ ಒಳ್ಳೆಯದು. ಹೋಲ್ಡರ್‌ಗೆ ಎರಡು ವೈರ್ ಹಾಕಿಟ್ಟುಕೊಳ್ಳಿ. ಒಳಗೆ ಕಿಲುಬು ಹಿಡಿದು ಒಂದೆರಡು ಎಳೆ ಮಾತ್ರ ಉಳಿದಿರುವ ವೈರ್ ಕೂಡ ಮೀಟರ್‌ನಲ್ಲಿ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಹಚ್ಚಿದಾಗ ಅದರ ಬಣ್ಣ ಬಯಲಾಗುತ್ತದೆ. ಹೊರಗಿನ ಸೆಟ್‌ಗಳಲ್ಲಿ ವೈರಿನ ಬಣ್ಣ ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಯಾವುದು ಪಾರ್ಕಿಂಗ್, ಯಾವುದು ಇಂಡಿಕೇಟರ್ ಅಂತ ಈ ಬಲ್ಬ್ ಹಚ್ಚಿಯೇ ತಿಳಿದುಕೊಳ್ಳಿ. ಕರೆಂಟ್ ಚೆನ್ನಾಗಿ ಬರುತ್ತಿದೆ, ಆದರೂ ಎಲ್‌ಇಡಿ ಬಲ್ಬ್ ಉರಿಯುತ್ತಿಲ್ಲ ಅಂದರೆ ಅದನ್ನು ಕಿತ್ತು, ತಿರುಗಿಸಿ ಹಾಕಿ ನೋಡಿ. ಪ್ಲಸ್-ಮೈನಸ್ ಅದಲುಬದಲಾದರೆ ಎಷ್ಟೋ ಎಲ್‌ಇಡಿ ಉರಿಯುವುದೇ ಇಲ್ಲ.

ಪಟಪಟ ಬಡಿದುಕೊಳ್ಳುತ್ತಿದ್ದರೆ. ಈಗ ರಿಲೇ ಸರದಿ. 12 ವೋಲ್ಟ್ ಗಾಡಿಯ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿಗೆ ಅದರಲ್ಲೊಂದು ಸಣ್ಣ ಪಾಲು ಸಾಕು. ಹಳೆಯ ರಿಲೇ ಇದನ್ನು ನೋಡಿ, ಒಂದು ಬಲ್ಬ್ ಹೋಗಿದೆ ಅಂದುಕೊಂಡು ಚಾಲಕನಿಗೆ ತಿಳಿಸಲು ಜೋರಾಗಿ ಮಿನುಗಿಸುತ್ತದೆ. ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಗಡಿಯಾರ ಹಿಡಿದು ಎಣಿಸಿ.

ದಾರಿ ಎರಡಿವೆ. ಒಂದು, ಎಲ್‌ಇಡಿಗೆ ಅಂತಲೇ ಬರುವ ಎಲೆಕ್ಟ್ರಾನಿಕ್ ರಿಲೇ. ಪಿನ್‌ಗಳ ಮೇಲೆ ಬರೆದಿರುವ 49, 49ಎ, 31 ಹಳೆಯದಕ್ಕೆ ಹೊಂದುತ್ತಿವೆಯಾ ನೋಡಿ ತನ್ನಿ. ಇನ್ನೊಂದು, ಲೋಡ್ ರೆಸಿಸ್ಟರ್, ಅಂದರೆ ಹೆಚ್ಚುಕಡಿಮೆ ಹಳೆಯ ಬಲ್ಬಿನಷ್ಟೇ ಕರೆಂಟ್ ಎಳೆದು ರಿಲೇಯನ್ನು ನಂಬಿಸುವ ಬಿಡಿಭಾಗ. ನಾನು ರಿಲೇ ಪರ. ರೆಸಿಸ್ಟರ್ ಅಂದರೆ ಉಳಿಸಿದ ಕರೆಂಟನ್ನು ಸುಮ್ನೆ ಬಿಸಿ ಮಾಡಿ ಕಳೆಯುವುದು. ಆದರೆ ಈಚಿನ ಹಲವು ಗಾಡಿಗಳಲ್ಲಿ ಬೇರೆ ರಿಲೇಯೇ ಇಲ್ಲ, ಒಳಗಿನ ಕಂಟ್ರೋಲ್ ಯೂನಿಟ್ಟೇ ಮಿನುಗಿಸುತ್ತದೆ. ಅಂಥ ಕಡೆ ರೆಸಿಸ್ಟರ್ ಹಾಕಲೇಬೇಕಾಗಬಹುದು.

ಹಾಕುವುದಾದರೆ 12 ವೋಲ್ಟ್‌ಗೆ 6 ಓಮ್, 50 ವ್ಯಾಟ್‌ನದ್ದು. ಇಂಡಿಕೇಟರ್ ವೈರ್ ಮತ್ತು ಅರ್ತ್ ನಡುವೆ ಕೊಡಿ, ವೈರ್ ಕತ್ತರಿಸಿ ಮಧ್ಯದಲ್ಲಿ ಸೇರಿಸಬೇಡಿ. ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಕೂರಿಸಿ. ಹಜಾರ್ಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮುಟ್ಟಲಾರದಷ್ಟು ಕಾಯುತ್ತದೆ. ಪ್ಲಾಸ್ಟಿಕ್‌ಗೆ ಅಥವಾ ವೈರಿನ ಕಟ್ಟಿಗೆ ತಾಗಿದರೆ ಕರಗಿಸಿಬಿಡುತ್ತದೆ.

ದೊಡ್ಡ ಲಾರಿಯವರೇ, ನಿಮ್ಮದು 24 ವೋಲ್ಟ್. ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರಲ್ಲ, ಅದೇ. ಅಲ್ಲಿಗೆ 6 ಓಮ್ ರೆಸಿಸ್ಟರ್ ಹಾಕಿದರೆ 96 ವ್ಯಾಟ್ ಬಿಸಿ, ಬೆಂಕಿಗೆ ಆಹ್ವಾನ! ಸುಮಾರು 25 ಓಮ್‌ನದ್ದು ಬೇಕು. ರಿಲೇ, ಲೈಟ್ ಎಲ್ಲವೂ 24 ವೋಲ್ಟ್‌ನದ್ದೇ ಆಗಿರಲಿ.

ಹಳೆಯ ಗಾಡಿಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಎರಡೂ ಕಡೆಗೆ ಸೇರಿ ಒಂದೇ ಸಣ್ಣ ಬಲ್ಬ್ ಇದ್ದರೆ ಹೀಗಾಗುತ್ತದೆ. ಆ ಬಲ್ಬಿನ ಮೂಲಕ ದಾಟುವ ಚೂರು ಕರೆಂಟೇ ಎಲ್‌ಇಡಿಗೆ ಸಾಕಾಗಿಬಿಡುತ್ತದೆ. ಎಡ, ಬಲ ವೈರ್‌ಗಳಿಗೆ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಬಿಡಿಭಾಗ) ಹಾಕಿ, ಎರಡನ್ನೂ ಸೇರಿಸಿ ಬಲ್ಬಿನ ಒಂದು ತುದಿಗೆ ಕೊಟ್ಟು, ಇನ್ನೊಂದು ತುದಿಯನ್ನು ಅರ್ತ್ ಮಾಡಿದರೆ ಮುಗಿಯಿತು.

ನೀರು ಬಾರದ ಹಾಗೆ ಮುಚ್ಚಿ. ಹೊಸೆದು ಟೇಪ್ ಸುತ್ತಿದ ಜಾಯಿಂಟ್ ನಮ್ಮ ಆಷಾಢದ ಮಳೆಗೆ ತಡೆಯುವುದಿಲ್ಲ. ನೀರು ತಾಮ್ರದ ಎಳೆಗಳ ಗುಂಟ ಒಳಗೆ ಹೋಗುತ್ತದೆ. ಬೆಸುಗೆ ಹಾಕಿ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಏರಿಸಿ. ಕಪ್ಲರ್ ಬಾಯಿ ಕೆಳಮುಖವಾಗಿರಲಿ. ಹೆಡ್‌ಲೈಟ್ ಒಳಗೆ ಆವಿ ಕಟ್ಟುತ್ತದೆ ಅಂತ ಹಿಂದಿರುವ ಗಾಳಿಯ ತೂತನ್ನೂ ಸಿಲಿಕಾನ್ ಬಳಿದು ಮುಚ್ಚುವವರಿದ್ದಾರೆ. ಅದನ್ನು ಮುಚ್ಚಬೇಡಿ, ಒಳಗೆ ಹೋದ ತೇವ ಆರುವುದೇ ಅಲ್ಲಿಂದ.

ಎಲ್ಲ ಮುಗಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ, ಬ್ರೇಕ್ ತುಳಿದುಕೊಂಡೇ ಇಂಡಿಕೇಟರ್ ನೋಡಿ. ಅರ್ತ್‌ನಲ್ಲಿ ಕೊರತೆ ಉಳಿದಿದ್ದರೆ ಒಟ್ಟಿಗೆ ಲೋಡ್ ಬಿದ್ದಾಗಲೇ ಅದು ಕಾಣಿಸುವುದು. ಆಮೇಲೆ ಒಂದು ಬಕೆಟ್ ನೀರು ಹೆಡ್‌ಲೈಟ್ ಮೇಲೆ ಸುರಿದು, ಇನ್ನೊಮ್ಮೆ ನೋಡಿ.