ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡು ಸಂವಹನ ಕಲಿಸುವುದು: ನನ್ನ ಅನುಭವ

ಕೊಪ್ಪಳದ ಕಡೆ ಆಶಾ ಕಾರ್ಯಕರ್ತೆಯರಿಗೆ ನಡೆಯುವ ತರಬೇತಿಯಲ್ಲಿ ನನ್ನ ಪಾಲಿನ ವಿಷಯ ಸಂವಹನ. ಇದಕ್ಕೆ ಸಿಗುವ ಟಿಪ್ಪಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಚಿತ್ರದಿಂದ ಶುರುವಾಗುತ್ತವೆ: ಕಳಿಸುವವರು, ಸಂದೇಶ, ಮಾಧ್ಯಮ, ಪಡೆಯುವವರು, ನಡುವೆ ಗದ್ದಲ. ಅದರ ಮೂಲ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಬಂಧ. ಕಳಿಸಿದ ಸಂಕೇತ ಕೆಡದೆ ತಲುಪುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಂದೇಶದ ಅರ್ಥ ಏನೆಂಬುದು ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಎಂದು ಅವರೇ ಅದರಲ್ಲಿ ಹೇಳಿಬಿಟ್ಟಿದ್ದಾರೆ. ನಮ್ಮ ಕೆಲಸವೋ ಪೂರಾ ಅರ್ಥದ್ದೇ. ಅದಕ್ಕೇ ನಾನು ಬೋರ್ಡಿನ ಚಿತ್ರವನ್ನು ಕೊನೆಗೆ ಇಟ್ಟುಕೊಂಡು, ಮೇಜಿನ ಮೇಲೆ ಓಆರ್‌ಎಸ್ ಪೊಟ್ಟಣ ಇಟ್ಟು ಶುರುಮಾಡುತ್ತೇನೆ.

ತರಬೇತಿಗೆ ಬಂದವರಲ್ಲೇ ಮೂವರಿಗೆ ಪಾತ್ರ ಕೊಡುತ್ತೇನೆ: ಒಬ್ಬರು ಆಶಾ, ಒಬ್ಬರು ತಾಯಿ, ಒಬ್ಬರು ಅತ್ತೆ. ಮಗುವಿಗೆ ಭೇದಿ. ಆಶಾ ಆದವರು ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಾರೆ: ಇಡೀ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಹಾಕಿ ಕಲಸಬೇಕು, 24 ತಾಸಿನೊಳಗೆ ಉಳಿದದ್ದನ್ನು ಚೆಲ್ಲಬೇಕು, ಜಿಂಕ್ ಮಾತ್ರೆ 14 ದಿನ ಕೊಡಬೇಕು. ಕೊನೆಗೆ, "ತಿಳೀತಿಲ್ಲ ತಂಗಿ?" "ಹೂಂನ್ರಿ ಅಕ್ಕಾರ, ತಿಳೀತು." ಅಲ್ಲಿಗೆ ನಾನು ತಡೆಯುತ್ತೇನೆ. ತಾಯಿಯ ಮುಂದೆ ತಂಬಿಗೆ, ಲೋಟ, ಚರಿಗೆ, ಲೀಟರಿನ ಬಾಟಲಿ ಇಟ್ಟು, "ಈಗ ಕಲಸಿ ತೋರಿಸ್ರಿ" ಎನ್ನುತ್ತೇನೆ.

ಕೈ ತಂಬಿಗೆಯ ಕಡೆಗೇ ಹೋಗುತ್ತದೆ. ಆ ತಂಬಿಗೆಯ ನೀರನ್ನು ಬಾಟಲಿಗೆ ಸುರಿಸಿ ಎಲ್ಲಿಗೆ ಬಂತೆಂದು ಎಲ್ಲರಿಗೂ ತೋರಿಸುತ್ತೇನೆ. ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುವ ಅಪಾಯವಿದೆ, ಹೆಚ್ಚಾದರೆ ಲವಣ ಸಾಲದು. ಸಾಲದ್ದಕ್ಕೆ ಅಂಗಡಿಗಳಲ್ಲಿ 200 ಮಿಲೀ ನೀರಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಅವುಗಳ ಲೆಕ್ಕವೇ ಬೇರೆ. ಸಂವಹನ ವಿದ್ವಾಂಸ ವಿಲ್ಬರ್ ಶ್ರಾಮ್ 1954ರಲ್ಲಿ ಎರಡು ಅನುಭವ ವಲಯಗಳ ಮಾತು ತಂದರು: ಹೇಳುವವರದೊಂದು, ಕೇಳುವವರದೊಂದು, ಎರಡೂ ಒಂದರ ಮೇಲೊಂದು ಬರುವ ಜಾಗದಲ್ಲಷ್ಟೇ ಮಾತು ದಾಟುತ್ತದೆ. ಲೀಟರು ಆಶಾ ವಲಯದ್ದು, ತಂಬಿಗೆ ತಾಯಿಯದು. ಹಾಗಾಗಿ ಮನೆಗೆ ಹೋದಾಗ ಬಾಟಲಿಯಿಂದ ಆ ಮನೆಯ ಪಾತ್ರೆಗೇ ನೀರು ಅಳೆದು ಹಾಕಿ, ಎಲ್ಲಿವರೆಗೆ ಬಂತೋ ಅಲ್ಲಿ ಗುರುತು ಮಾಡಿ ಬನ್ನಿ ಎಂದು ಹೇಳುತ್ತೇನೆ.

ಫೀಡ್‌ಬ್ಯಾಕ್ ಕಲಿಸುವುದಕ್ಕೂ ಇದೇ ಸಮಯ. ಶಾನನ್ ಚಿತ್ರದಲ್ಲಿ ಕೇಳುವವರಿಂದ ಹೇಳುವವರಿಗೆ ಮರಳುವ ಬಾಣವಿರಲಿಲ್ಲ. ತನ್ನ ಕೆಲಸದ ಫಲ ನೋಡಿ ಮುಂದಿನ ಹೆಜ್ಜೆ ತಿದ್ದಿಕೊಳ್ಳುವ ವ್ಯವಸ್ಥೆಗಳ ಬಗ್ಗೆ ಅದೇ 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಬರೆದದ್ದು ಮುಂದೆ ಸಂವಹನದ ಪಾಠಕ್ಕೂ ಬಂತು. "ಹೂಂನ್ರಿ" ಎಂಬ ಉತ್ತರ ಮರ್ಯಾದೆಗೆ ಹೇಳುವ ಮಾತು. ಕಲಸಿ ತೋರಿಸಿದ ಕೈ ಮಾತ್ರ ನಮಗೆ ಏನನ್ನಾದರೂ ತಿಳಿಸುತ್ತದೆ.

ಆದರೆ "ತೋರಿಸು ನೋಡೋಣ" ಎಂದರೆ ಅದು ಪರೀಕ್ಷೆಯಾಗಿಬಿಡುತ್ತದೆ. ಪ್ರತಿ ಮಾತಿನಲ್ಲೂ ವಿಷಯದ ಜೊತೆಗೆ ನಮ್ಮಿಬ್ಬರ ಸಂಬಂಧ ಏನೆಂಬುದೂ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಪೌಲ್ ವಾಟ್ಸ್‌ಲಾವಿಕ್ ಮತ್ತು ಸಂಗಡಿಗರು 1967ರಲ್ಲಿ ಬರೆದರು. ನಾನು ಕಲಿಸುವ ವಾಕ್ಯ ಇದು: "ನಾ ಬರೋಬರಿ ಹೇಳೀನೋ ಇಲ್ಲೋ ನೋಡಬೇಕವ್ವಾ, ಒಮ್ಮೆ ಮಾಡಿ ತೋರಿಸು." ಹೊಣೆ ಹೇಳಿದವರ ಮೇಲೆ ಬಂತು, ತಾಯಿಯ ಭುಜ ಸಡಿಲವಾಗುತ್ತದೆ. ಇಡೀ ತರಬೇತಿಯಲ್ಲಿ ಒಂದೇ ವಾಕ್ಯ ಅವರ ಜೊತೆ ಹೋಗುವುದಾದರೆ ಇದೇ ಹೋಗಲಿ ಎಂಬುದು ನನ್ನ ಆಸೆ.

ಗದ್ದಲ ಅಂದರೆ ಟಿವಿ ಸದ್ದು ಎಂದು ಮೊದಲು ಹೇಳುತ್ತಾರೆ. ಅದೂ ಹೌದು. ಶಾನನ್ ಪ್ರಬಂಧಕ್ಕೆ ವಿವರಣೆ ಬರೆದ ವಾರೆನ್ ವೀವರ್ 1949ರಲ್ಲಿ ಅರ್ಥದ ಗದ್ದಲದ, ಅಂದರೆ ಹೇಳಿದ್ದರ ಅರ್ಥವೇ ಕೆಡುವುದರ ಮಾತನ್ನೂ ಸೇರಿಸಿದರು. ಭೇದಿಯಾದಾಗ ನೀರು ಕೊಟ್ಟರೆ ಇನ್ನೂ ಹೋಗುತ್ತದೆ, ಹಲ್ಲು ಬರುವಾಗ ಇದು ಇದ್ದದ್ದೇ ಎಂಬ ನಂಬಿಕೆಗಳ ನಡುವೆಯೇ ನಮ್ಮ ಮಾತು ಹೋಗಬೇಕು. ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲಲಿಲ್ಲವೆಂದು ಕುಡಿಸುವುದನ್ನೇ ಬಿಡುತ್ತಾರೆ, ಭೇದಿ ನಿಂತಿತೆಂದು ಜಿಂಕ್ ಬಿಡುತ್ತಾರೆ. ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧವಲ್ಲ, ಹೋದ ನೀರು ಮತ್ತು ಲವಣ ತುಂಬುವುದು ಎಂದು ಮೊದಲೇ ಹೇಳಿದರೆ ಅರ್ಧ ಗದ್ದಲ ಅಡಗುತ್ತದೆ. ಜಿಂಕ್‌ಗೆ ಗೋಡೆಯ ಕ್ಯಾಲೆಂಡರಿನಲ್ಲಿ 14ನೇ ದಿನಕ್ಕೆ ಸುತ್ತು ಹಾಕಿಸುತ್ತೇವೆ.

ಇನ್ನು ಅತ್ತೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಓಹಾಯೊದ ಈರಿ ಕೌಂಟಿಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ತಂಡ ನಡೆಸಿದ ಅಧ್ಯಯನದಿಂದ ಹುಟ್ಟಿದ ವಿಚಾರವೆಂದರೆ, ರೇಡಿಯೊ, ಪತ್ರಿಕೆಗಳ ಮಾತು ಮೊದಲು ಕೆಲವರನ್ನು ಮುಟ್ಟಿ, ಅವರ ಮೂಲಕ ಉಳಿದವರಿಗೆ ಹೋಗುತ್ತದೆ ಎಂಬುದು. ಮಗುವಿನ ಬಾಯಿಗೆ ಏನು ಹೋಗಬೇಕೆಂದು ತೀರ್ಮಾನಿಸುವವರನ್ನು ಬಾಗಿಲ ಬಳಿ ನಿಲ್ಲಿಸಿ ಸೊಸೆಗೆ ಪಾಠ ಹೇಳಿದರೆ ಕೆಲಸ ಕೆಟ್ಟಂತೆ. ಮೊದಲ ಚಮಚ ಅತ್ತೆಯ ಕೈಯಿಂದಲೇ ಕುಡಿಸಿ ಎನ್ನುತ್ತೇನೆ.

ಸಂವಹನದಲ್ಲಿ ಮಾತಿನ ಪಾಲು ಶೇ 7, ದನಿಯದು 38, ಮುಖಭಾವದ್ದು 55 ಎಂದು ತರಬೇತಿಗಳಲ್ಲಿ ಹೇಳುವ ಲೆಕ್ಕವನ್ನು ನನ್ನ ತರಬೇತಿಯಲ್ಲಿ ಹೇಳುವುದಿಲ್ಲ. ಆ ಲೆಕ್ಕಕ್ಕೆ ಮೂಲವಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಅವರ ಪ್ರಯೋಗಗಳು ಭಾವನೆ, ಇಷ್ಟಾನಿಷ್ಟ ತಿಳಿಯುವುದಕ್ಕೆ ಸಂಬಂಧಿಸಿದವು. ಎಷ್ಟು ನೀರು, ಎಷ್ಟು ದಿನ ಎಂಬುದನ್ನು ಮುಖಭಾವ ಹೇಳಲಾರದು.

ಈಗ ಕೆಲವರು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸುತ್ತಾರೆ. ಕಳಿಸಲಿ, ಒಳ್ಳೆಯದೇ. ಅದಾದ ಮೇಲೆ ವಿಡಿಯೊ ಕಾಲ್ ಮಾಡಿ, ಪಾತ್ರೆಯಲ್ಲಿ ನೀರು ಎಲ್ಲಿವರೆಗಿದೆ ತೋರಿಸಲು ಕೇಳಿ ಎಂದು ಹೇಳಿಕೊಡುತ್ತಿದ್ದೇನೆ.